ಹಿಂಗಾರಿ ಹಿತ್ತಲಿಗೊಂದು ಮರುಗ

ದವನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದವರ ಚೀಲ ಬಿಚ್ಚಿದರೆ ಭಂಡಾರದ ಹಳದಿಯ ಜೊತೆಗೆ ದವನದ ಕಂಪೂ ಹೊರಬರುತ್ತದೆ. ಚೈತ್ರದ ಹುಣ್ಣಿಮೆಗೆ ತನ್ನ ಹೆಸರನ್ನೇ ಕೊಟ್ಟ ಆ ಸಸ್ಯ ನಮ್ಮ ದಕ್ಷಿಣ ಭಾರತದ್ದೇ. ಆದರೆ ಹೂವಿನಂಗಡಿಯಲ್ಲಿ ದವನದ ಮಗ್ಗುಲಲ್ಲೇ ಕುಳಿತು, ಮಲ್ಲಿಗೆ ಕನಕಾಂಬರದ ಮಾಲೆಯ ನಡುನಡುವೆ ಹಸಿರಾಗಿ ಇಣುಕುವ ಮರುಗ ಬಹುದೂರದಿಂದ ಬಂದ ಗಿಡ. ಸೈಪ್ರಸ್ ದ್ವೀಪ ಮತ್ತು ತುರ್ಕಿಯ ದಕ್ಷಿಣದ ಕಲ್ಲುಗುಡ್ಡಗಳು ಅದರ ತವರು. ಇಂಗ್ಲಿಷಿನವರಿಗೆ ಅದು ಮಾರ್ಜೋರಂ, ನೆರೆಯ ಮರಾಠಿಗರಿಗೆ ಮರವಾ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದಕ್ಕಿಟ್ಟ ಹೆಸರು ಒರಿಗಾನಮ್ ಮಜೋರಾನ. ಪಿಜ್ಜಾದ ಜೊತೆ ಪುಟ್ಟ ಪೊಟ್ಟಣದಲ್ಲಿ ಬರುವ ಒರೆಗಾನೊ ಇದರ ಒಡಹುಟ್ಟು.

ಮೆಡಿಟರೇನಿಯನ್ ನಾಡಿನ ಪರಿಮಳದ ಗಿಡಗಳನ್ನು ಮನೆಯಲ್ಲೇ ಬೆಳೆಸಬೇಕೆಂಬ ಆಸೆ ಈಗ ಬೆಳಗಾವಿ ಜಿಲ್ಲೆಯ ಯರಗಟ್ಟಿಯಂಥ ಊರುಗಳಿಗೂ ಬಂದಿದೆ. ಮೊಬೈಲಿನಲ್ಲಿ ರೋಸ್‌ಮೇರಿಯ ಚಿತ್ರ ನೋಡಿ ಬೀಜ ತರಿಸುವವರು, ಬೆಳಗಾವಿಯ ನರ್ಸರಿಯಿಂದ ಲ್ಯಾವೆಂಡರ್ ಸಸಿ ತಂದು ಬಾಗಿಲ ಬಳಿ ಇಡುವವರು ಇದ್ದಾರೆ. ಬಹುಪಾಲು ಗಿಡಗಳು ಒಂದು ಮಳೆಗಾಲ ದಾಟುವುದಿಲ್ಲ. ನೀರು ಹಾಕಿದರೂ ಒಣಗಿತು, ಗೊಬ್ಬರ ಹಾಕಿದರೂ ಒಣಗಿತು ಎಂಬ ದೂರು ಆಮೇಲೆ ಕೇಳಿಬರುತ್ತದೆ. ನಿಜಕ್ಕೂ ಅವು ಸತ್ತದ್ದು ಆ ನೀರಿನಿಂದಲೇ. ಇಂಥ ಗಿಡಗಳ ರೀತಿನೀತಿ ಕಲಿಯಬೇಕೆನ್ನುವವರು ಮರುಗದಿಂದ ಶುರುಮಾಡುವುದು ಮೇಲು. ಕರ್ನಾಟಕದ ಹವೆಗೆ ಅದು ಎಂದೋ ಹೊಂದಿಕೊಂಡಿದೆ. ಸಸಿಗಾಗಿ ದೂರ ಹೋಗಬೇಕಿಲ್ಲ. ಕೈ ತಪ್ಪಿ ಒಂದು ಗಿಡ ಹೋದರೂ ಮತ್ತೊಂದನ್ನು ಕಡ್ಡಿಯಿಂದ ಎಬ್ಬಿಸಬಹುದು.

ಮಳೆಯ ಲೆಕ್ಕ

ಭೂಮಧ್ಯ ಸಮುದ್ರದ ಸುತ್ತಲಿನ ನಾಡುಗಳಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಿಗೆ ಪೂರ್ತಿ ಒಣ. ಅಲ್ಲಿನ ಗಿಡಗಳು ತಂಪಿನಲ್ಲಿ ಹಸಿಯುಂಡು ಬೆಳೆಯುತ್ತವೆ, ಬಿಸಿಲಿನಲ್ಲಿ ಎಲೆಯನ್ನು ಕಿರಿದು ಮಾಡಿಕೊಂಡು, ಮೈಗೆ ನವಿರಾದ ಬಿಳಿ ರೋಮ ಹೊದ್ದು, ಎಣ್ಣೆ ಕೂಡಿಸಿಕೊಂಡು ಕಾಯುತ್ತವೆ. ಮರುಗದ ಎಲೆಯನ್ನು ಬೆಳಕಿಗೆ ಹಿಡಿದರೆ ಆ ಬೂದುಗೂದಲು ಕಾಣುತ್ತದೆ. ಪರಿಮಳದ ಎಣ್ಣೆ ಇರುವುದು ಎಲೆಯ ಮೇಲ್ಮೈಯ ಸಣ್ಣ ಸಣ್ಣ ಗ್ರಂಥಿಗಳಲ್ಲಿ. ಬೆರಳಲ್ಲಿ ಉಜ್ಜಿದಾಗ ಅವು ಒಡೆದು ಕಂಪು ಬರುತ್ತದೆ.

ಯರಗಟ್ಟಿಯ ಲೆಕ್ಕ ಇದಕ್ಕೆ ತಿರುಗುಮುರುಗು. ಮಿರಗದ ಮಳೆಯಿಂದ ಹಿಡಿದು ದಸರೆಯ ಆಚೆಯವರೆಗೆ, ಅಂದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ, ವರ್ಷದ ಮಳೆಯ ಹೆಚ್ಚಿನ ಪಾಲು ಬಿದ್ದುಹೋಗುತ್ತದೆ. ಒಟ್ಟು ಮಳೆ ಹೆಚ್ಚೇನಲ್ಲ, 600 ಮಿಲಿಮೀಟರ್‌ ಆಚೀಚೆ. ರಾಜ್ಯದ 10 ಕೃಷಿ ಹವಾಮಾನ ವಲಯಗಳಲ್ಲಿ ಸವದತ್ತಿ, ರಾಮದುರ್ಗದ ಸೀಮೆ ಬರುವುದು ಉತ್ತರ ಒಣ ವಲಯದಲ್ಲೇ. ಆದರೆ ಆ ಮಳೆ ಬರುವಾಗ ನೆಲ ಬೆಚ್ಚಗಿರುತ್ತದೆ. ಬಿಸಿಯೂ ಹಸಿಯೂ ಒಂದೇ ಹೊತ್ತಿಗೆ ಸಿಕ್ಕರೆ ಬೇರು ಕೊಳೆಸುವ ಶಿಲೀಂಧ್ರಗಳಿಗೆ ಹಬ್ಬ. ಬಿಸಿಲಿಗೆ ಮರುಗ ಅಷ್ಟಾಗಿ ಹೆದರುವುದಿಲ್ಲ, ಒಂದೆರಡು ದಿನದ ಬಾಯಾರಿಕೆಯನ್ನೂ ತಡೆಯುತ್ತದೆ. ಬೇರು ನಾಲ್ಕು ದಿನ ನೀರಿನಲ್ಲಿ ನಿಂತಿತೆಂದರೆ ಮಾತ್ರ ಮತ್ತೆ ಚೇತರಿಸಿಕೊಳ್ಳುವುದು ಅಪರೂಪ.

ಹಾಗಾದರೆ ನಮ್ಮಲ್ಲಿ ಅದರ ಚಳಿಗಾಲದ ಮಳೆಗೆ ಸಮನಾದ ಕಾಲ ಯಾವುದು? ಉತ್ತರ ಎರೆಹೊಲದ ರೈತರಿಗೆ ಗೊತ್ತಿದೆ, ಈ ಗಿಡದ ಹೆಸರೇ ಕೇಳದಿದ್ದರೂ ಗೊತ್ತಿದೆ. ಮುನವಳ್ಳಿ, ಮುರಗೋಡ, ಯರಗಟ್ಟಿಯ ಸುತ್ತ ಹಿಂಗಾರಿಗೆ ಬಿತ್ತುವ ಕಡಲೆಯ ಮೂಲನೆಲೆ ತುರ್ಕಿಯ ಆಗ್ನೇಯ ಭಾಗ. ಗೋಧಿ, ಅಗಸಿ, ಕುಸುಬಿಗಳೂ ಅದೇ ದಿಕ್ಕಿನ ನಾಡುಗಳಿಂದ ಬಂದವು. ಸಾಲಿನಂಚಿಗೆ ಉದುರಿಸುವ ಕೊತ್ತಂಬರಿಯೂ ಆ ಕಡೆಯದ್ದೇ. ಇವೆಲ್ಲ ತಂಪು ಹವೆ, ಇಬ್ಬನಿ, ನೆಲದಲ್ಲುಳಿದ ಹದವಾದ ಹಸಿ ಇಷ್ಟರಲ್ಲೇ ಬೆಳೆದು ಬೇಸಿಗೆಗೆ ಮುನ್ನ ಕೊಯ್ಲಿಗೆ ಬರುವ ಬೆಳೆಗಳು. ಮರುಗವನ್ನೂ ಅದೇ ಸಾಲಿಗೆ ಸೇರಿಸಿದರೆ ಅರ್ಧ ಕಷ್ಟ ಕಳೆಯಿತು. ಹೊಲಕ್ಕೆ ಕಡಲೆ ಬೀಳುವ ವಾರವೇ ಹಿತ್ತಲಿಗೆ ಮರುಗದ ಸಸಿ ಬೀಳಬೇಕು.

ದಿನ ಗುರುತಿಟ್ಟುಕೊಳ್ಳಬೇಕಾದರೆ ಶೀಗಿ ಹುಣ್ಣಿಮೆಯಿಂದ ದೀಪಾವಳಿಯವರೆಗಿನ ಹದಿನೈದು ದಿನ. ಕಿತ್ತೂರಿನ ಕಡೆ ಮಲೆನಾಡಿನ ಸೆರಗು ತಾಕುವುದರಿಂದ ಮಳೆ ಹೆಚ್ಚು, ನಿಲ್ಲುವುದೂ ತುಸು ತಡ. ಅಲ್ಲಿಯವರು ಅಕ್ಟೋಬರ್ 23ರ ಸುಮಾರಿಗೆ ನಡೆಯುವ ಕಿತ್ತೂರು ಉತ್ಸವ ಮುಗಿಯಲಿ ಎಂದು ಕಾದರೆ ಒಳ್ಳೆಯದು. ರಾಮದುರ್ಗದ ಕಡೆಯವರು ವಾರ ಮೊದಲೇ ನೆಟ್ಟರೂ ನಡೆದೀತು.

ಎರೆಮಣ್ಣು ಮತ್ತು ಬೇರು

ಇನ್ನರ್ಧ ಕಷ್ಟ ಮಣ್ಣಿನದು. ಎರೆಮಣ್ಣು ಬಿಳಿಜೋಳಕ್ಕೂ ಹತ್ತಿಗೂ ತಾಯಿ. ತಿಂಗಳುಗಟ್ಟಲೆ ಹಸಿ ಹಿಡಿದಿಡುವ ಗುಣದಿಂದಲೇ ಇಲ್ಲಿ ಹಿಂಗಾರಿ ಬೆಳೆ ಸಾಧ್ಯವಾಗಿದೆ. ತೊಯ್ದಾಗ ಉಬ್ಬಿ ಅಂಟಾಗುತ್ತದೆ, ಒಣಗಿದಾಗ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಕಡಲೆಯ ಬೇರು ಆಳಕ್ಕಿಳಿದು ಆ ಬಿರುಕನ್ನು ಸಹಿಸಿಕೊಳ್ಳುತ್ತದೆ. ಮರುಗದ ಬೇರು ಹಾಗಲ್ಲ. ಅದು ನವಿರು ಬೇರು, ಗೇಣುದ್ದದೊಳಗೇ ಹರಡುತ್ತದೆ. ಮಣ್ಣು ಉಬ್ಬಿದಾಗ ಉಸಿರುಗಟ್ಟುತ್ತದೆ, ಬಿರಿದಾಗ ಹರಿದುಹೋಗುತ್ತದೆ.

ಎರೆಮಣ್ಣಿಗೆ ಎರಡು ಬುಟ್ಟಿ ಉಸುಕು ಬೆರೆಸಿದರೆ ಹಗುರಾಗುತ್ತದೆ ಎಂದು ಹಲವರು ಮಾಡುತ್ತಾರೆ. ಸ್ವಲ್ಪ ಉಸುಕಿನಿಂದ ಆಗುವುದು ಉಲ್ಟಾ: ಜೇಡಿಯ ನುಣ್ಣನೆ ಕಣಗಳು ಉಸುಕಿನ ಸಂದಿಯನ್ನೆಲ್ಲ ತುಂಬಿ, ಒಣಗಿದಾಗ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ನೆಲದಲ್ಲೇ ಬೆಳೆಸುವ ಹಟವಿದ್ದರೆ ಅಗೆಯುವುದನ್ನು ಬಿಟ್ಟು ಏರಿಸಬೇಕು. ಹಿತ್ತಲಿನ ದಕ್ಷಿಣಕ್ಕೋ ಪೂರ್ವಕ್ಕೋ ತೆರೆದ ಜಾಗದಲ್ಲಿ ಮೂರಡಿ ಅಗಲ, ಒಂದಡಿ ಎತ್ತರಕ್ಕೆ ಕಲ್ಲು ಕಟ್ಟಿ, ಒಳಗೆ ಮಸಾರಿ ಮಣ್ಣು, ಗರಸು, ಹಳೆಯ ತಿಪ್ಪೆಗೊಬ್ಬರ ತುಂಬಿದರೆ ಮಡಿ ಸಿದ್ಧ. ಸವದತ್ತಿ, ರಾಮದುರ್ಗದ ಗುಡ್ಡಗಳು ಮರಳುಗಲ್ಲಿನವು. ಅಲ್ಲಿಯವರಿಗೆ ಗರಸು, ಕಲ್ಲಿನ ಚೂರು ಅಂಗಳದಾಚೆಯೇ ಇರುತ್ತದೆ. ಮಲಪ್ರಭೆಯ ಕಾಲುವೆ ಹಾದು ಹೊಲ ಸವಳು ಜವಳಾದ ಊರುಗಳಲ್ಲಂತೂ ಏರುಮಡಿ ಇಲ್ಲದೆ ಈ ಗಿಡದ ಮಾತೇ ಬೇಡ.

ಆದರೂ ಮೊದಲ ವರ್ಷಕ್ಕೆ ಕುಂಡವೇ ಸರಿ. ಮಳೆ ಬಂದಾಗ ಎತ್ತಿ ಸೂರಿನಡಿ ಇಡಬಹುದು ಎಂಬ ಒಂದೇ ಕಾರಣ ಸಾಕು. ಕುಂಬಾರರ ಮಣ್ಣಿನ ಕುಂಡ ಎಲ್ಲಕ್ಕಿಂತ ಮೇಲು, ಏಕೆಂದರೆ ಅದರ ಮೈಯೇ ಹೆಚ್ಚಿನ ನೀರನ್ನು ಆರಿಸುತ್ತದೆ. ಒಂದು ಗಿಡಕ್ಕೆ 8ರಿಂದ 10 ಇಂಚು ಅಗಲ, 8 ಇಂಚು ಆಳ ಬೇಕು. ಬಣ್ಣದ ಬಕೆಟ್ಟು, ಅಡುಗೆ ಎಣ್ಣೆಯ ಡಬ್ಬಿಯಾದರೂ ನಡೆಯುತ್ತದೆ, ತಳಕ್ಕೆ ಐದಾರು ತೂತು ಇರಲಿ. ಎಣ್ಣೆಡಬ್ಬಿ ಏಪ್ರಿಲ್‌ನಲ್ಲಿ ಕಾದು ಬೇರನ್ನು ಬೇಯಿಸುತ್ತದೆ. ಅದಕ್ಕೆ ಗೋಣಿ ಸುತ್ತಬೇಕು.

ಕುಂಡದ ಮಣ್ಣಿನ ಹದ ಹೀಗೆ: ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ದಪ್ಪ ಉಸುಕು ಇಲ್ಲವೆ ಸಣ್ಣ ಗರಸು, ಒಂದು ಪಾಲು ಪೂರ್ತಿ ಕಳಿತ ಗೊಬ್ಬರ. ಹೆಂಡಿಯ ವಾಸನೆ ಇನ್ನೂ ಬರುತ್ತಿದ್ದರೆ ಅದು ಕಳಿತಿಲ್ಲ ಎಂದರ್ಥ. ಬೆರೆಸಿದ ಮಣ್ಣನ್ನು ತುಸು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಂಡಿ ನೋಡಬೇಕು. ಉಂಡೆಯಾಗಿ, ಬೆರಳು ತಾಗಿಸಿದೊಡನೆ ಉದುರಿದರೆ ಹದ ಬಂದಿದೆ. ಉಂಡೆ ಹಾಗೇ ನಿಂತರೆ ಇನ್ನೊಂದು ಬೊಗಸೆ ಗರಸು ಬೇಕು.

ತಳದಲ್ಲಿ ನಾಲ್ಕು ಬೆರಳು ಜಲ್ಲಿ ಹಾಸಿದರೆ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆ ಎಲ್ಲ ಕಡೆಯೂ ಇದೆ. ಇದನ್ನು ಬಿಡಬೇಕು. ನುಣುಪಾದ ಮಣ್ಣು ತನ್ನ ಕೆಳಗಿನ ಒರಟು ಜಲ್ಲಿಗೆ ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ತಾನು ಪೂರ್ತಿ ತುಂಬಿಕೊಂಡ ಮೇಲಷ್ಟೇ ಬಿಡುತ್ತದೆ. ಹೀಗಾಗಿ ಜಲ್ಲಿಯ ಮೇಲೊಂದು ಕೆಸರಿನ ಪದರ ನಿಂತು, ಬೇರು ಅದರಲ್ಲೇ ಕುಳಿತಿರುತ್ತದೆ. ತೂತಿನ ಮೇಲೆ ಮಣ್ಣು ಸೋರದಂತೆ ಒಂದು ಹಂಚಿನ ಚೂರು ಕವುಚಿದರೆ ಸಾಕು.

ಸುಣ್ಣದ ವಿಷಯದಲ್ಲಿ ಇನ್ನೊಂದು ಎಚ್ಚರ. ಇಂಗ್ಲೆಂಡಿನ, ಅಮೆರಿಕದ ತೋಟಗಾರಿಕೆ ಪುಸ್ತಕಗಳು ಈ ಗಿಡಗಳಿಗೆ ಸುಣ್ಣ, ಮೊಟ್ಟೆಯ ಸಿಪ್ಪೆ, ಬೂದಿ ಹಾಕಿರೆಂದು ಹೇಳುತ್ತವೆ. ಅದನ್ನೇ ಕನ್ನಡದ ವಿಡಿಯೊಗಳೂ ಒಪ್ಪಿಸುತ್ತವೆ. ಅಲ್ಲಿಯ ಎಷ್ಟೋ ಕಡೆ ಮಣ್ಣು ಹುಳಿ, ಅದಕ್ಕೆ ಆ ಸಲಹೆ. ಯರಗಟ್ಟಿ ಸೀಮೆಯ ಮಣ್ಣು ಮೊದಲೇ ಕ್ಷಾರದ ಕಡೆಗೆ ವಾಲಿದ್ದು, ಎಷ್ಟೋ ಹೊಲಗಳಲ್ಲಿ ಸುಣ್ಣದ ಹರಳೇ ಕಣ್ಣಿಗೆ ಬೀಳುತ್ತದೆ. ಮೇಲಿಂದ ಮತ್ತೆ ಸುಣ್ಣ ಸುರಿದರೆ ಗಿಡಕ್ಕೆ ಕಬ್ಬಿಣದಂಶ ಸಿಗದೆ, ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರುಳಿಯುತ್ತದೆ. ಕೊಳವೆಬಾವಿಯ ಗಡಸು ನೀರಿನಿಂದಲೂ ಇದೇ ಪಾಡು. ಕುಂಡದಂಚಿನಲ್ಲಿ ಬಿಳಿ ಉಪ್ಪು ಕಟ್ಟುವುದು ಅದರ ಗುರುತು. ಕಳಿತ ಗೊಬ್ಬರ ಒಂದು ಹಿಡಿ, ತಿಂಗಳಿಗೊಮ್ಮೆ ಕೂಡಿಟ್ಟ ಮಳೆನೀರು ತಳದಿಂದ ಹರಿದುಹೋಗುವಂತೆ ಧಾರಾಳ ಹಾಕುವುದು, ಇವೇ ಮದ್ದು. ಮಣ್ಣು ಪರೀಕ್ಷೆ ಮಾಡಿಸಬೇಕೆಂದರೆ ಬೈಲಹೊಂಗಲ ಸೀಮೆಗೆ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ, ಗೋಕಾಕದ ಕಡೆಯವರಿಗೆ ತುಕ್ಕಾನಟ್ಟಿಯ ಕೇಂದ್ರ ಇವೆ. ತೋಟಗಾರಿಕೆಯ ಸಲಹೆ ಬೇಕಾದರೆ ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜು ದೂರವೇನಲ್ಲ. ಅದು 2008ರಲ್ಲಿ ಆರಂಭವಾದ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು.

ಹೂವಿನಂಗಡಿಯಿಂದ ಸಸಿ

ಸಸಿ ಎಲ್ಲಿಂದ? ಹೂವಿನಂಗಡಿಯ ಒಂದು ಕಟ್ಟು ಮರುಗವೇ ಸಾಕು. ಬೆಳಗ್ಗೆ ಬಂದ, ಬಾಡದ ಕಟ್ಟನ್ನು ಆರಿಸಬೇಕು. ಕಾಂಡ ತೀರ ಎಳಸೂ ಇರಬಾರದು, ಕಂದುಗಟ್ಟಿಯೂ ಇರಬಾರದು. ಮನೆಗೆ ತಂದೊಡನೆ ನೀರಿನಲ್ಲಿಟ್ಟು, ಅಂದೇ ಕೆಲಸ ಮುಗಿಸಬೇಕು. ಮೂರು ನಾಲ್ಕು ಇಂಚಿನ ತುಂಡುಗಳನ್ನು ಗಿಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ, ಕೆಳಗಿನರ್ಧದ ಎಲೆ ಬಿಡಿಸಿ, ತುದಿಯಲ್ಲಿ ಹೂಮೊಗ್ಗಿದ್ದರೆ ಚಿವುಟಿ, ಒದ್ದೆ ಉಸುಕಿನಲ್ಲಿ ಊರಬೇಕು. ಕಡ್ಡಿಗಳ ಮೇಲೆ ತಳ ಕತ್ತರಿಸಿದ ನೀರಿನ ಬಾಟಲಿಯನ್ನು ಮುಚ್ಚಳ ತೆಗೆದು ಕವುಚಿಟ್ಟರೆ ಒಳಗೆ ತೇವ ಉಳಿಯುತ್ತದೆ. ನೆರಳಿರಲಿ, ಕತ್ತಲೆ ಬೇಡ. ಮೂರ್ನಾಲ್ಕು ವಾರಕ್ಕೆ ಬೇರು ಬರುತ್ತದೆ. ಮೆಲ್ಲಗೆ ಎಳೆದಾಗ ಕಡ್ಡಿ ಹಿಡಿದುಕೊಂಡಿದ್ದರೆ ಬೇರು ಬಿಟ್ಟಿದೆ. ಹತ್ತು ಊರಿದರೆ ನಾಲ್ಕೈದು ಉಳಿದರೂ ಒಂದು ಮನೆಗೆ ಬೇಕಾದಷ್ಟಾಯಿತು.

ಕೊಳ್ಳುವಾಗ ದವನ ಮತ್ತು ಮರುಗವನ್ನು ಬೇರೆ ಮಾಡುವುದು ಸುಲಭ. ದವನದ ಎಲೆ ಗಜ್ಜರಿಯ ಸೊಪ್ಪಿನಂತೆ ಸೀಳುಸೀಳು, ಬೆಳ್ಳಿಬೂದು. ಮರುಗದ್ದು ಅಂಚಿನಲ್ಲಿ ಹಲ್ಲಿಲ್ಲದ, ಕಿರುಬೆರಳಿನ ಉಗುರಿನಷ್ಟು ದುಂಡೆಲೆ, ಎದುರುಬದುರು ಜೋಡಿಯಾಗಿ ಬರುತ್ತದೆ. ಕಾಂಡ ಮುಟ್ಟಿದರೆ ಚೌಕ, ಏಕೆಂದರೆ ಇದು ತುಳಸಿ, ಪುದೀನದ ಕುಟುಂಬದ್ದು. ಆನ್‌ಲೈನಿನಲ್ಲಿ ಮರುವಾ ಎಂಬ ಹಿಂದಿ ಹೆಸರಿನಿಂದ ತರಿಸುವವರು ಹುಷಾರಾಗಿರಬೇಕು. ಆ ಹೆಸರಿನಲ್ಲಿ ಒಂದು ಬಗೆಯ ಕಾಮಕಸ್ತೂರಿಯೂ ಮಾರಾಟವಾಗುತ್ತದೆ.

ಬೀಜದಿಂದಲೂ ಬೆಳೆಸಬಹುದು, ತಾಳ್ಮೆ ಇದ್ದರೆ. ಬೀಜ ಧೂಳಿನಷ್ಟು ಸಣ್ಣದು, ಒಂದು ಗ್ರಾಂನಲ್ಲಿ ಸಾವಿರಾರು. ರಾಗಿಗಿಂತಲೂ ಎಷ್ಟೋ ಕಿರಿದಾದ ಇದನ್ನು ನುಣ್ಣನೆ ಉಸುಕಿನ ಜೊತೆ ಬೆರೆಸಿ ಉದುರಿಸಿ, ಮೇಲೆ ಮಣ್ಣು ಮುಚ್ಚದೆ ಅಂಗೈಯಿಂದ ಮೆತ್ತಗೆ ಒತ್ತಬೇಕು. ತಂಬಿಗೆಯಿಂದ ನೀರು ಸುರಿದರೆ ಬೀಜವೆಲ್ಲ ಒಂದು ಮೂಲೆಗೆ. ತಟ್ಟೆಯಲ್ಲಿ ನೀರಿಟ್ಟು ಅದರಲ್ಲಿ ಕುಂಡ ಕೂರಿಸಿದರೆ ತೇವ ಕೆಳಗಿನಿಂದ ಏರುತ್ತದೆ. ಒಂದೆರಡು ವಾರಕ್ಕೆ ಮೊಳಕೆ ಕಾಣುತ್ತದೆ. ಆಮೇಲಿನ ತಿಂಗಳಿಡೀ ಅದು ಬೆಳೆಯುತ್ತಿದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ನಿಧಾನ.

ನೆಡುವಾಗ ಗಿಡದಿಂದ ಗಿಡಕ್ಕೆ ಒಂದು ಗೇಣು ಅಂತರ ಬೇಕು. ಕಾಂಡ ಮೊದಲಿದ್ದ ಮಟ್ಟಕ್ಕಿಂತ ಆಳಕ್ಕೆ ಹೋಗಬಾರದು. ಬುಡಕ್ಕೆ ಹುಲ್ಲು, ತೊಪ್ಪಲು ಹಾಸುವುದು ಮೆಣಸಿನಗಿಡಕ್ಕೆ ಒಳ್ಳೆಯದಿರಬಹುದು, ಇದಕ್ಕೆ ಒದ್ದೆ ಹಾಸು ಕೊಳೆಯನ್ನು ತರುತ್ತದೆ. ಸಣ್ಣ ಬೆಣಚುಕಲ್ಲು ಹರಡಿದರೆ ಮಳೆಹನಿಗೆ ಕೆಸರು ಎಲೆಗೆ ಸಿಡಿಯುವುದಿಲ್ಲ, ಬುಡವೂ ಬೇಗ ಆರುತ್ತದೆ.

ನೀರಿಗೆ ದಿನದ ಲೆಕ್ಕ ಹೇಳುವುದು ಕಷ್ಟ. ಬೆರಳು ಎರಡು ಗೆಣ್ಣಿನವರೆಗೆ ಮಣ್ಣಿನಲ್ಲಿ ಇಳಿಸಿ, ಒಣಗಿದ್ದರೆ ಹಾಕಬೇಕು. ಹಾಕುವಾಗ ತಳದ ತೂತಿನಿಂದ ಸೋರುವಷ್ಟು ಹಾಕಿ, ಮತ್ತೆ ಒಣಗುವವರೆಗೆ ಮುಟ್ಟಬಾರದು. ದಿನಾ ಅರ್ಧ ಲೋಟ ಚಿಮುಕಿಸುವುದು ಕೆಟ್ಟ ರೂಢಿ. ಮೇಲೆ ಸದಾ ಹಸಿ, ಕೆಳಗೆ ಬೇರಿಗೆ ಏನೂ ಇಲ್ಲ ಎಂಬಂತಾಗುತ್ತದೆ. ಕುಂಡವನ್ನು ಎತ್ತಿ ನೋಡಿ ಭಾರದಿಂದಲೇ ಹಸಿ ತಿಳಿಯುವ ಅಭ್ಯಾಸ ಎರಡು ವಾರದಲ್ಲಿ ಬರುತ್ತದೆ. ನವೆಂಬರ್‌, ಡಿಸೆಂಬರ್‌ನಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಸಾಕಾಗುತ್ತದೆ. ಏಪ್ರಿಲ್‌ನಲ್ಲಿ ದಿನಾ ಬೆಳಗ್ಗೆ ಬೇಕಾದೀತು. ಬಿಸಿಲು ದಿನಕ್ಕೆ ಆರು ತಾಸು ಇರಲೇಬೇಕು. ನೆರಳಿನಲ್ಲಿ ಗಿಡ ಉದ್ದುದ್ದ ಬೆಳೆದು ವಾಸನೆ ಕಳೆದುಕೊಳ್ಳುತ್ತದೆ. ಯೂರಿಯಾ ಹಾಕಿದರೂ ಅಷ್ಟೇ: ಎಲೆ ಕೊಬ್ಬುತ್ತದೆ, ಕಂಪು ಕ್ಷೀಣಿಸುತ್ತದೆ. ನೆಟ್ಟಾಗ ಹಾಕಿದ ಗೊಬ್ಬರ, ಮೊದಲ ಕೊಯ್ಲಾದ ಮೇಲೆ ಇನ್ನೊಂದು ಹಿಡಿ. ಅದಕ್ಕಿಂತ ಹೆಚ್ಚಿನ ಉಪಚಾರ ಇದಕ್ಕೆ ಬೇಡ.

ಕೊಯ್ಲು, ಒಣಗಿಸುವುದು, ಅಡುಗೆಮನೆ

ಗಿಡ ಗೇಣುದ್ದವಾದಾಗ ಎಲ್ಲ ತುದಿಗಳನ್ನೂ ಚಿವುಟಬೇಕು. ಚಿವುಟಿದ ಪ್ರತಿ ತುದಿಗೆ ಎರಡು ಕವಲು ಬರುತ್ತವೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುವ ಹೊತ್ತಿಗೆ ಗಿಡ ಬುಟ್ಟಿಯಂತೆ ದುಂಡಗಾಗಿರುತ್ತದೆ. ಅಲ್ಲಿಂದ ತಿಂಗಳೊಪ್ಪತ್ತಿನಲ್ಲಿ ತುದಿಯಲ್ಲಿ ಹಸಿರು ಗಂಟುಗಳು ಮೂಡುತ್ತವೆ. ಮೊಗ್ಗುಗಳು ಎಲೆಯಂಥ ಪೊರೆಗಳ ನಡುವೆ ಹುದುಗಿ ಕಟ್ಟಿದ ಗಂಟು ಅದು. ಹೂ ಅರಳಿ ಬಿಳಿಯಾಗುವ ಮುನ್ನ, ಗಂಟು ಹಸಿರಿರುವಾಗಲೇ ಎಣ್ಣೆಯಂಶ ತುಂಬಿರುತ್ತದೆ. ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮೊದಲು ಕತ್ತರಿಸಬೇಕು. ಬುಡದಿಂದ ನಾಲ್ಕು ಬೆರಳು ಬಿಟ್ಟು, ಹಸಿರೆಲೆ ಇರುವಲ್ಲಿಗೇ ಕೊಯ್ಯಬೇಕು. ಬರೀ ಕಟ್ಟಿಗೆಯಾದ ಕಾಂಡಕ್ಕೆ ಕತ್ತರಿ ಹಾಕಿದರೆ ಅಲ್ಲಿಂದ ಚಿಗುರು ಬರುವುದು ಕಡಿಮೆ. ಫೆಬ್ರವರಿಯಲ್ಲಿ ಒಮ್ಮೆ ಕೊಯ್ದರೆ, ದವನದ ಹುಣ್ಣಿಮೆಯ ಹೊತ್ತಿಗೆ ಎರಡನೆಯ ಕೊಯ್ಲು ಸಿಗುತ್ತದೆ.

ಒಣಗಿಸುವ ವಿಷಯದಲ್ಲಿ ಯರಗಟ್ಟಿಯ ಫೆಬ್ರವರಿ, ಮಾರ್ಚ್ ಗಾಳಿ ವರವೇ ಸರಿ. ಶಾವಿಗೆ, ಹಪ್ಪಳ ಒಣಗಿಸುವ ಊರಿಗೆ ಯಾರೂ ಕಲಿಸಬೇಕಿಲ್ಲ, ಒಂದು ವ್ಯತ್ಯಾಸ ಬಿಟ್ಟು: ಮರುಗಕ್ಕೆ ಬಿಸಿಲು ತಾಕಬಾರದು. ಸಣ್ಣ ಸಣ್ಣ ಕಟ್ಟು ಮಾಡಿ, ಗಾಳಿಯಾಡುವ ಪಡಸಾಲೆಯಲ್ಲಿ ತಲೆಕೆಳಗಾಗಿ ತೂಗುಬಿಟ್ಟರೆ ವಾರದೊಳಗೆ ಗರಿಗರಿಯಾಗುತ್ತದೆ. ಎಲೆ ಮಾತ್ರ ಉಜ್ಜಿ ಉದುರಿಸಿ, ಗಾಜಿನ ಭರಣಿಗೆ ತುಂಬಿ, ಒಲೆಯಿಂದ ದೂರ ಇಡಬೇಕು. ಕೊತ್ತಂಬರಿ ಸೊಪ್ಪು ಒಣಗಿದರೆ ಹುಲ್ಲು. ಮರುಗ ಒಣಗಿದ ಮೇಲೂ ವಾಸನೆ ಉಳಿಸಿಕೊಳ್ಳುತ್ತದೆ, ಅದಕ್ಕೇ ಈಜಿಪ್ಟಿನಿಂದ ಒಣಮರುಗ ಯುರೋಪಿಗೆಲ್ಲ ಹೋಗುತ್ತದೆ.

ನಮ್ಮಲ್ಲಿ ಮರುಗ ದೇವರ ಮಾಲೆಗೆ, ಹೆಣ್ಣುಮಕ್ಕಳ ದಂಡೆಗೆ ನಿಂತುಹೋಯಿತು, ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಅದೇ ಗಿಡ ಜರ್ಮನಿಯಲ್ಲಿ ಬಟಾಟಿ ಸಾರಿಗೆ, ಮಾಂಸದ ಸಾಸೇಜಿಗೆ ಬೀಳುತ್ತದೆ. ಲೆಬನಾನ್, ಸಿರಿಯಾದ ಕಡೆ ಇದೇ ಬಳಗದ ಸೊಪ್ಪುಗಳನ್ನು ಎಳ್ಳಿನ ಜೊತೆ ಬೆರೆಸಿ ಝಾತರ್ ಎಂಬ ಪುಡಿ ಮಾಡಿ, ಎಣ್ಣೆ ಕಲಸಿ ರೊಟ್ಟಿಗೆ ಸವರಿಕೊಳ್ಳುತ್ತಾರೆ. ಗುರೆಳ್ಳು ಚಟ್ನಿ, ಶೇಂಗಾ ಚಟ್ನಿಯಲ್ಲಿ ಎಣ್ಣೆ ಹಾಕಿ ಜೋಳದ ರೊಟ್ಟಿ ಅದ್ದುವ ಸೀಮೆಗೆ ಇದು ಅಪರಿಚಿತ ರುಚಿಯಾಗಲಾರದು. ಹುರಿದ ಎಳ್ಳು, ಒಣ ಮರುಗ, ಉಪ್ಪು, ಚೂರು ಹುಣಸೆ ಇಲ್ಲವೆ ಆಮಚೂರು ಸೇರಿಸಿ ಕುಟ್ಟಿ, ಕುಸುಬಿ ಎಣ್ಣೆ ಬಿಟ್ಟುಕೊಂಡು ನೋಡಬಹುದು. ಉಳ್ಳಾಗಡ್ಡಿ, ಸೌತೆಕಾಯಿಯ ಪಚಡಿಗೆ ನಾಲ್ಕು ಹಸಿ ಎಲೆ, ಬಟಾಟಿ ಪಲ್ಯ ಇಳಿಸುವ ಮುನ್ನ ಒಂದು ಚಿಟಿಕೆ ಒಣಎಲೆ ಹಾಕಿದರೂ ಚೆನ್ನ. ಒಗ್ಗರಣೆಯ ಕಾದ ಎಣ್ಣೆಗೆ ಹಾಕಬಾರದು, ಸೂಕ್ಷ್ಮ ಕಂಪು ಸುಟ್ಟುಹೋಗುತ್ತದೆ. ಅಡುಗೆಯ ಅಳತೆಯಲ್ಲಿ ಮರುಗದಿಂದ ಭಯವಿಲ್ಲ. ಕಷಾಯ, ಎಣ್ಣೆಯ ರೂಪದಲ್ಲಿ ಔಷಧಿಯಂತೆ ಸೇವಿಸುವುದನ್ನು ಮಾತ್ರ ಗರ್ಭಿಣಿಯರು ವೈದ್ಯರನ್ನು ಕೇಳದೆ ಮಾಡಬಾರದು.

ತೋಟ, ಸುಗಂಧ, ಅಡುಗೆ ಮೂರನ್ನೂ ಒಂದೇ ಪುಸ್ತಕದಲ್ಲಿ ಕೂಡಿಸುವ ರೂಢಿ ಕನ್ನಡಕ್ಕೆ ಹೊಸದಲ್ಲ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಗಿಡಮರದ ಆರೈಕೆ, ಗಂಧದ್ರವ್ಯ, ಪಾಕಶಾಸ್ತ್ರ ಎಲ್ಲಕ್ಕೂ ಜಾಗವಿದೆ.

ರೋಗ ರುಜಿನದ ಮಾತು ಬೇಗ ಮುಗಿಯುತ್ತದೆ. ಕಟು ವಾಸನೆಯ ಗಿಡವಾದ್ದರಿಂದ ಆಡು, ದನ ಅಷ್ಟಾಗಿ ಮುಟ್ಟುವುದಿಲ್ಲ. ಎಳೆಚಿಗುರಿಗೆ ಹೇನು ಕೂತರೆ ನೀರಿನ ಪಿಚಕಾರಿಯೇ ಸಾಕು. ಬೇಸಿಗೆಯಲ್ಲಿ ಎಲೆ ಮಂಕಾಗಿ ಹಿಂಬದಿಯಲ್ಲಿ ಜೇಡರ ಬಲೆಯಂಥ ಎಳೆ ಕಂಡರೆ ಅದು ನುಸಿ. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಎರಡು ಹನಿ ಸೋಪಿನ ನೀರು ಕಲಸಿ ಸಂಜೆ ಎಲೆಯ ಕೆಳಗೆ ತಾಗುವಂತೆ ಹೊಡೆದು, ವಾರದವರೆಗೆ ಆ ಸೊಪ್ಪು ಕೊಯ್ಯದಿದ್ದರಾಯಿತು. ಗಿಡ ಮಧ್ಯಾಹ್ನ ಬಾಡಿ, ಮಣ್ಣು ಮುಟ್ಟಿದರೆ ಹಸಿ ಇದ್ದರೆ ಅದು ಬೇರುಕೊಳೆ. ಬಾಡಿದ್ದನ್ನು ಕಂಡು ನೀರು ಹಾಕುವುದೇ ಎಲ್ಲರೂ ಮಾಡುವ ತಪ್ಪು. ಆಗ ಇನ್ನೂ ಹಸಿರಿರುವ ತುದಿಗಳನ್ನು ಕತ್ತರಿಸಿ ಉಸುಕಿಗೆ ಊರಿ ಜೀವ ಉಳಿಸಿಕೊಳ್ಳಬೇಕು, ತಾಯಿಗಿಡದ ಆಸೆ ಬಿಡಬೇಕು.

ಮರುಗವನ್ನು ಒಂದು ವರ್ಷ ದಾಟಿಸಿದವರ ಕೈ ರೋಸ್‌ಮೇರಿಗೂ ಪಳಗಿರುತ್ತದೆ. ಅದಕ್ಕೆ ಗರಸು ಇನ್ನಷ್ಟು ಬೇಕು, ನೀರು ಇನ್ನಷ್ಟು ಕಡಿಮೆ, ಬೀಜದ ಬದಲು ಸಸಿಯನ್ನೇ ತರಬೇಕು. ಕೂದಲಿಗೆಂದು ಅದನ್ನು ಬೆಳೆಸುವವರು ಅಂಗಡಿಯ ಭಟ್ಟಿ ಇಳಿಸಿದ ಎಣ್ಣೆಯನ್ನು ನೇರ ತಲೆಗೆ ಹಚ್ಚಬಾರದು, ಚರ್ಮ ಉರಿಯುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಕೆಲವೇ ಹನಿ ಬೆರೆಸಿಕೊಳ್ಳಬೇಕು. ಥೈಮ್ ಮಳೆಗಾಲದಲ್ಲಿ ತುಂಬ ನಾಜೂಕು. ಲ್ಯಾವೆಂಡರ್ ಈ ಸೀಮೆಯ ಏಪ್ರಿಲ್‌ಗೆ ಹೊಂದುವ ಗಿಡವಲ್ಲ. ಬರೀ ಒರೆಗಾನೊದ ಖಾರ ಕಂಪು ಬೇಕೆನ್ನುವವರಿಗೆ ದೊಡ್ಡಪತ್ರೆಯೇ ಇದೆ. ಒರೆಗಾನೊದ ಘಾಟಿಗೆ ಕಾರಣವಾದ ಕಾರ್ವಕ್ರಾಲ್ ಅದರಲ್ಲೂ ಇದೆ. ಥೈಮ್‌ನ ಥೈಮಾಲ್ ನಮ್ಮ ಅಜವಾನದಲ್ಲಿದೆ. ಮರುಗದ ಮೃದುವಾದ, ತುಸು ಸಿಹಿಯಾದ ಕಂಪಿಗೆ ಮಾತ್ರ ಬದಲಿ ಸಿಗುವುದಿಲ್ಲ.

ಮೇ ತಿಂಗಳಲ್ಲಿ ಮಧ್ಯಾಹ್ನ ಎರಡು ಮೂರು ತಾಸು ನೆರಳು ಸಿಗುವಂತೆ, ಬೇವಿನ ಮರದ ಅಂಚಿಗೋ ಗೋಡೆಯ ಪೂರ್ವಕ್ಕೋ ಕುಂಡ ಸರಿಸಬೇಕು. ರೋಹಿಣಿ ಮಳೆಗೆ ಮುಂಚೆ ಗಿಡವನ್ನು ಮೂರರಲ್ಲೊಂದು ಪಾಲು ಕತ್ತರಿಸಿ, ಒಳಗಿನ ಒಣಕಡ್ಡಿ ತೆಗೆದು ಗಾಳಿಯಾಡುವಂತೆ ಮಾಡಬೇಕು. ಮಿರಗ ಕೂಡಿದ ದಿನದಿಂದ ಅದರ ಜಾಗ ಸೂರಿನಡಿ: ಬೆಳಕು ಬರಬೇಕು, ಮಳೆನೀರು ಬೀಳಬಾರದು, ಕುಂಡ ಎರಡು ಇಟ್ಟಿಗೆಯ ಮೇಲೆ ನಿಂತು ತಳದಲ್ಲಿ ಗಾಳಿ ಹಾಯಬೇಕು. ಶ್ರಾವಣದಲ್ಲಿ ಗಿಡ ಮಂಕಾಗಿ ಕಂಡರೆ ಗಾಬರಿಯಾಗಿ ಗೊಬ್ಬರ ಹಾಕಬಾರದು; ಅದು ಬೆಳೆಯುವ ಕಾಲವಲ್ಲ. ಎರಡು ವರ್ಷ ದಾಟಿದ ಗಿಡ ಕಟ್ಟಿಗೆಯಾಗಿ ಸೊಪ್ಪು ಕಡಿಮೆ ಕೊಡುತ್ತದೆ, ಹಾಗಾಗಿ ಗಣೇಶ ಚೌತಿಯ ಸುಮಾರಿಗೆ ಗಟ್ಟಿಮುಟ್ಟಾದ ಆರೇಳು ಕಡ್ಡಿ ಆರಿಸಿ ಬಾಟಲಿಯಡಿಯ ಉಸುಕಿಗೆ ಊರಿಟ್ಟಿರಬೇಕು. ಬನ್ನಿ ಕೊಡುವ ಹೊತ್ತಿಗೆ ಅವು ಬೇರು ಬಿಟ್ಟಿರುತ್ತವೆ. ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಭೂಮಿಪೂಜೆ ಮುಗಿಸಿ ಬಂದ ಮೇಲೆ ಎರಡನ್ನು ಹೊಸ ಮಣ್ಣಿನ ಕುಂಡಕ್ಕೆ ನೆಟ್ಟು, ಉಳಿದವನ್ನು ನೆರೆಮನೆಗೆ ಕೊಡಬಹುದು.